ಕೈ ಯಾರದು, ಸಹಿ ಯಾರದು? ಗೋಡೆ ಕೊರೆಯುವ ಮೊದಲೇ ಕೇಳಿರಿ!

ಗದಗ-ಬೆಟಗೇರಿ ಅವಳಿ ನಗರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಹಿರಿಯರೇ,

ನಾನು ವೈರಮನ್. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಊರುಗಳ ಗೋಡೆಗಳಲ್ಲಿ ಪೈಪು ಹುಗಿದು ತಂತಿ ಎಳೆಯುತ್ತ ಬಂದಿದ್ದೇನೆ. ಸರ್ಕಾರ ಕೊಟ್ಟ ಪರ್ಮಿಟ್ ಸದಾ ಅಂಗಿ ಜೇಬಿನಲ್ಲಿರುತ್ತದೆ. ಇಷ್ಟು ವರ್ಷಗಳಲ್ಲಿ ಅದನ್ನು ತೋರಿಸು ಅಂದವರು ಒಬ್ಬರೇ, ಬೆಟಗೇರಿಯ ನೇಕಾರರ ಓಣಿಯ ಒಬ್ಬ ಅಜ್ಜಿ. ನಾನು ಏಣಿ ಆನಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದೆ. "ತಮ್ಮಾ, ನಿನ್ನ ಹತ್ರ ಪರ್ಮಿಟ್ ಐತೇನಪಾ? ತೋರ್ಸು, ನೋಡೂಣು" ಅಂದರು. ಕನ್ನಡಕ ತರಿಸಿದರು. ಫೋಟೊ ನೋಡಿದರು, ನನ್ನ ಮುಖ ನೋಡಿದರು, ಮುದ್ದತ್ತಿನ ತಾರೀಖನ್ನು ಮೊಮ್ಮಗಳ ಕಡೆಯಿಂದ ಓದಿಸಿದರು. ಆಮೇಲೆ "ಹಾಂ, ಇನ್ನ ಏರು" ಅಂದರು.

ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಆ ಮನೆಯಲ್ಲಿ ಒಂದೊಂದು ಸ್ಕ್ರೂ ಎರಡೆರಡು ಸಲ ಬಿಗಿ ಮಾಡಿ ನೋಡಿದೆ. ಕಲಿತು ಕೆಲಸ ಮಾಡುವ ಯಾವ ವೈರಮನ್‌ನೂ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದವನ ಕೈಗೆ ಮನೆಯನ್ನು ಒಪ್ಪಿಸಬೇಡಿ.

ಒಂದು ಸೀರೆ ತರಲು ನಾಲ್ಕು ಅಂಗಡಿ ತಿರುಗುತ್ತೇವೆ. ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, ಕಡಿದು ನೋಡಿ ಕೊಳ್ಳುತ್ತೇವೆ. ವೈರಿಂಗ್ ಅಂದಾಗ ಮಾತ್ರ ಎಲ್ಲರದೂ ಒಂದೇ ಮಾತು: "ಪಾಯಿಂಟಿಗೆ ಎಷ್ಟು?"

ಕಾನೂನು ಏನು ಹೇಳುತ್ತದೆ ಕೇಳಿ. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಹೊಸ ವೈರಿಂಗ್ ಇರಲಿ, ಹಳೆಯದಕ್ಕೆ ಜೋಡಿಸುವುದಿರಲಿ, ಅದನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕು. ಮೇಲ್ವಿಚಾರಕನಿಗೂ ಅರ್ಹತೆಯ ಪತ್ರ ಬೇಕು, ತಂತಿ ಹಿಡಿಯುವವನಿಗೂ ಪರ್ಮಿಟ್ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಇದು ಇತ್ತು, 2023ರ ಹೊಸ ನಿಯಮಗಳಲ್ಲೂ ಇದೆ. ಕರ್ನಾಟಕದಲ್ಲಿ ಈ ಲೈಸೆನ್ಸ್, ಪರ್ಮಿಟ್ ಕೊಡುವುದು ಇಂಧನ ಇಲಾಖೆಯ ಕೆಳಗಿರುವ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಮೀಟರ್ ಕೊಡುವುದು ಹೆಸ್ಕಾಂ. ಇವೆರಡೂ ಬೇರೆ ಬೇರೆ. ಹೆಸ್ಕಾಂ ಕಂಬದ ಮೇಲೆ ಕೆಲಸ ಮಾಡುವ ಹುಡುಗರ ಪರಿಚಯ ಇದೆ ಅಂದ ಮಾತ್ರಕ್ಕೆ ಮನೆ ವೈರಿಂಗ್ ಮಾಡುವ ಪರ್ಮಿಟ್ ಬಂದಹಾಗಾಗುವುದಿಲ್ಲ.

ಈಗ ಈ ಕರಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ನನ್ನ ಕಸುಬಿನವರಿಗೆ ಇದು ಸಿಹಿ ಮಾತಲ್ಲ, ಆದರೂ ಹೇಳಲೇಬೇಕು. ಹೊಸ ಮೀಟರ್‌ಗೆ ಅರ್ಜಿ ಹಾಕುವಾಗ ವೈರಿಂಗ್ ಪೂರ್ತಿಯಾಗಿದೆ, ತಪಾಸಣೆ ಆಗಿದೆ ಎಂಬ ವರದಿಗೆ ಗುತ್ತಿಗೆದಾರರ ಸಹಿ-ಶಿಕ್ಕೆ ಬೇಕು. ಎಷ್ಟೋ ಕಡೆ ಮನೆಯ ಕೆಲಸ ಮಾಡಿದ ಹುಡುಗನೇ ಬೇರೆ, ಕಾಗದಕ್ಕೆ ಸಹಿ ಹಾಕಿದವರೇ ಬೇರೆ. ಸಹಿ ಹಾಕಿದವರು ಆ ಮನೆಯ ಹೊಸ್ತಿಲನ್ನೂ ಕಂಡಿರುವುದಿಲ್ಲ. ಕಾಗದ ಸರಿಯಾಗಿದೆ ಅಂತ ಮೀಟರ್ ಬರುತ್ತದೆ, ಗೃಹಪ್ರವೇಶವಾಗುತ್ತದೆ, ಹೋಳಿಗೆ ಊಟವಾಗುತ್ತದೆ. ಗೋಡೆಯೊಳಗೆ ಏನಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಏನಿರುತ್ತದೆ ಗೊತ್ತೆ? ಲಕ್ಷ್ಮೇಶ್ವರದ ಕಡೆ ಒಂದು ಹೊಸ ಮನೆ. ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ನನ್ನನ್ನು ಕರೆಸಿದರು. ಪ್ಲಗ್ಗಿನ ಬೋರ್ಡ್ ಬಿಚ್ಚಿದೆ. ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿನ ತೂತಿಗೆ, ಹಸಿರು ವೈರನ್ನು ಚೆಂದಾಗಿ ಜೋಡಿಸಿದ್ದರು. ಹಿಡಿದು ಮೆಲ್ಲಗೆ ಎಳೆದೆ. ಎರಡು ಇಂಚಿನ ತುಂಡು ಕೈಗೆ ಬಂತು! ಹಿಂದೆ ಪೈಪಿನಲ್ಲಿ ಹಸಿರು ವೈರು ಇರಲೇ ಇಲ್ಲ. ಮನೆಯ ಹನ್ನೊಂದು ಪ್ಲಗ್ ಬಿಚ್ಚಿದೆ. ಹನ್ನೊಂದರಲ್ಲೂ ಅದೇ ಎರಡಿಂಚಿನ ತುಂಡು. ಯಾರಾದರೂ ಬಿಚ್ಚಿ ನೋಡಿದರೆ ಕಣ್ಣಿಗೆ ಹಸಿರು ಕಾಣಲಿ ಅಂತ ಇಟ್ಟದ್ದು. ಆ ಮನೆಯ ತಾಯಿ ದಿನಾ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಅದೇ ಫ್ರಿಜ್ ತೆಗೆಯುತ್ತಿದ್ದರು. ಆ ತುಂಡುಗಳನ್ನು ನಾನು ಎಸೆದಿಲ್ಲ, ಒಂದು ಡಬ್ಬಿಯಲ್ಲಿಟ್ಟಿದ್ದೇನೆ.

ನಮ್ಮ ಸೀಮೆಯ ಮಣ್ಣಿನ ಗುಣವನ್ನೂ ನೆನಪಿಡಬೇಕು. ಎರಿ ಭೂಮಿ ಮಳೆಗಾಲದಲ್ಲಿ ಹಸಿ ಹಿಡಿದು ಅರ್ಥಿಂಗಿಗೆ ಒಳ್ಳೆಯದಾಗಿರುತ್ತದೆ. ಅದೇ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥಿನ ಪೈಪಿನಿಂದ ದೂರ ಸರಿಯುತ್ತದೆ. ಆಗ ಕರೆಂಟ್ ಭೂಮಿಗೆ ಇಳಿಯಲು ಸಲೀಸಾದ ದಾರಿ ಸಿಗುವುದಿಲ್ಲ. ಅರ್ಥಿನ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು ಎಂದು ಹೇಳುವುದು ಅದಕ್ಕೇ. ಹಿಂದೆ ನಳದ ಕಬ್ಬಿಣದ ಪೈಪಿಗೆ ಅರ್ಥ್ ಕಟ್ಟುತ್ತಿದ್ದರು. ಈಗ ನಳವೆಲ್ಲ ಪ್ಲಾಸ್ಟಿಕ್ ಆಗಿದೆ, ಕೆಲವರು ಇನ್ನೂ ಅದಕ್ಕೇ ಕಟ್ಟಿ ಹೋಗುತ್ತಾರೆ. ಇನ್ನು ಮೇಲ್ಮುದ್ದಿ ಮನೆಗಳಲ್ಲಿ ಮಳೆ ಹಿಡಿದರೆ ಮಣ್ಣಿನ ಗೋಡೆ ನೀರು ಕುಡಿಯುತ್ತದೆ. ಹಳೆಯ ತಂತಿಯ ಸಿಪ್ಪೆ ಹರಿದಿದ್ದರೆ ಆ ಗೋಡೆಯೇ ಕರೆಂಟ್ ಹಿಡಿಯುತ್ತದೆ, ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬಟ್ಟೆ ಒಣಹಾಕುವ ತಂತಿಯೂ ಹಿಡಿಯುತ್ತದೆ. ಒದ್ದೆ ಸೀರೆ ಹಾಕಲು ಕೈ ಎತ್ತುವವರು ಯಾರು? ನಮ್ಮ ಮನೆಯ ಹೆಣ್ಣುಮಕ್ಕಳು.

ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಬಲ್ಬಿಗೆ ಎಳೆದ ತಂತಿಯ ಮೇಲೆ ಇವತ್ತು ಟಿವಿ, ಮಿಕ್ಸರ್, ಫ್ರಿಜ್, ನೀರು ಕಾಯಿಸುವ ರಾಡು ಎಲ್ಲ ಹೇರಿದ್ದೇವೆ. 2000 ವಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಕಲಿತ ವೈರಮನ್ ಮೊದಲು ಮನೆಯ ಲೋಡ್ ಕೇಳುತ್ತಾನೆ, ಆಮೇಲೆ ವೈರಿನ ದಪ್ಪ ಹೇಳುತ್ತಾನೆ. ಲೋಡ್ ಕೇಳದೆಯೇ ರೇಟು ಹೇಳಿದವನಿಗೆ ಕೈಮುಗಿದು ಕಳಿಸಿಬಿಡಿ.

"ಎಂಸಿಬಿ ಐತಲ್ಲ, ಏನೂ ಆಗಂಗಿಲ್ಲ" ಅನ್ನುವವರು ಬಹಳ. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. 16 ಆಂಪಿಯರಿನ ಎಂಸಿಬಿ ಬೀಳಲು ಅದಕ್ಕೂ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ಹೋಗಲು ಅದರ ಸಣ್ಣ ಪಾಲು ಸಾಕು. ಜೀವ ಕಾಯುವುದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು. 30 ಮಿಲಿಆಂಪಿಯರಿನದನ್ನೇ ಹಾಕಿಸಿ. ಅದರ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ, ಅಮಾವಾಸ್ಯೆಗೊಮ್ಮೆ ಒತ್ತಿರಿ. ಮನೆಯ ಕರೆಂಟ್ ತಟ್ಟನೆ ಹೋಗಬೇಕು. ಹೋಗದಿದ್ದರೆ ಅವತ್ತೇ ವೈರಮನ್‌ನನ್ನು ಕರೆಸಿ.

2024ರ ಜನವರಿಯಲ್ಲಿ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗಲಿ ಮೂವರು ಹುಡುಗರು ತೀರಿಕೊಂಡರು. ಇಡೀ ಜಿಲ್ಲೆ ಅತ್ತಿತು. ಅಂದಿನಿಂದ ಜನ ತಲೆಯ ಮೇಲಿನ ತಂತಿಯನ್ನು ಅಂಜಿ ನೋಡುತ್ತಾರೆ. ಮನೆಯೊಳಗಿನ ತಂತಿಯನ್ನೂ ಹಾಗೇ ನೋಡಿರಿ ಎಂಬುದೇ ನನ್ನ ಬೇಡಿಕೆ.

ಹಾಗಾದರೆ ಏನು ಮಾಡಬೇಕು? ಮುಂಗಡ ಕೊಡುವ ಮೊದಲು ಗುತ್ತಿಗೆದಾರರ ಲೈಸೆನ್ಸನ್ನೂ ಕೆಲಸಕ್ಕೆ ಬರುವವನ ಪರ್ಮಿಟನ್ನೂ ಕೈಯಲ್ಲಿ ಹಿಡಿದು ನೋಡಿರಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುದ್ದತ್ತು ಮುಗಿದಿದೆಯೇ ನೋಡಿರಿ. ಅನುಮಾನ ಬಂದರೆ ನಂಬರ್ ಬರೆದುಕೊಂಡು ವಿದ್ಯುತ್ ಪರಿವೀಕ್ಷಣಾ ಇಲಾಖೆಯಲ್ಲಿ ವಿಚಾರಿಸಿರಿ. ವರದಿಗೆ ಸಹಿ ಹಾಕುವವರು ಗೋಡೆಗೆ ಗಿಲಾವು ಮಾಡುವ ಮೊದಲು ಒಮ್ಮೆ, ಕೆಲಸ ಮುಗಿದಾಗ ಒಮ್ಮೆ ಮನೆಗೆ ಬಂದು ನೋಡಲೇಬೇಕು ಎಂದು ಹಟ ಹಿಡಿಯಿರಿ. ಬಂದಾಗ ಅರ್ಥಿಂಗನ್ನು ಮೀಟರ್ ಹಚ್ಚಿ ಅಳೆದು ತೋರಿಸಿ ಅನ್ನಿ. ವೈರಿನ ಸುರುಳಿಯ ಮೇಲೆ ಐಎಸ್‌ಐ ಗುರುತಿನ ಜೊತೆ ಇರುವ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಆ ನಂಬರ್ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಬಾಡಿಗೆ ಮನೆಯಲ್ಲಿರುವವರು ಕೈ ಯಾರದು, ಸಹಿ ಯಾರದು ಎಂದು ಮಾಲೀಕರನ್ನು ಕೇಳಿರಿ. ಮಗ್ಗದ ಶೆಡ್ಡಿನವರೂ ಕೇಳಿರಿ. ಮನೆಯ ಹೊರಗೆ ತಂತಿ ಜೋತುಬಿದ್ದಿದ್ದರೆ, ಕಂಬ ಕರೆಂಟ್ ಹಿಡಿಯುತ್ತಿದ್ದರೆ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿರಿ.

ಐಟಿಐ ಮುಗಿಸಿದ ತಮ್ಮಂದಿರೇ, ನಿಮಗೂ ಒಂದು ಮಾತು. ಎರಡು ವರ್ಷ ಕಷ್ಟಪಟ್ಟು ಕಲಿತ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಕೊಳೆಯುವುದು ಬೇಡ. ಅದು ನೀವು ಕಲಿತದ್ದಕ್ಕೆ ಸಾಕ್ಷಿ, ಮನೆಯ ಕೆಲಸಕ್ಕೆ ಪರ್ಮಿಟ್ ಬೇರೆಯೇ ಬೇಕು. ಅರ್ಜಿ ಹಾಕಿರಿ. ಜನ ಕೇಳಲು ಶುರು ಮಾಡಿದ ದಿನ ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಈ ಕಾಗದವನ್ನು ಚೂರುಮುರಿ ಕಟ್ಟಲು ಬಳಸಬೇಡಿ. ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಿ. ಕೆಳಗೆ ಜಾಗ ಬಿಟ್ಟಿದ್ದೇನೆ. ವೈರಮನ್ ಬಂದ ದಿನ ಅವರ ಎದುರಿಗೇ ತುಂಬಿರಿ:

ಕೆಲಸ ಮಾಡಿದವರ ಹೆಸರು: ____________
ಪರ್ಮಿಟ್ ನಂಬರ್, ಮುದ್ದತ್ತು: ____________
ಗುತ್ತಿಗೆದಾರರ ಲೈಸೆನ್ಸ್ ನಂಬರ್: ____________
ಸಹಿ ಹಾಕಿದವರು ಮನೆಗೆ ಬಂದು ನೋಡಿದ ತಾರೀಖು: ____________