ಸೂಜಿಗೆ ಅಂಜಿದವರು ಯಾರು?

ಮೊನ್ನೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದ ಗೃಹಸ್ಥರೊಬ್ಬರು 2021ರ ಕೋವಿಡ್ ಲಸಿಕೆಯ ಮಾತೆತ್ತಿ, ನಮ್ಮ ಹೋಟೆಲು ಹುಡುಗರು ಸೂಜಿಗೆ ಅಂಜಿದ್ದರಿಂದಲೇ ಕೆಲಸ ತಡವಾಯಿತೆಂದರು. ಈ ಅಪವಾದವನ್ನು ನಾವು ಒಪ್ಪಲಾರೆವು.

ನಡೆದುದನ್ನು ವಾಚಕರು ನೆನೆಯಬೇಕು. ಆ ವರ್ಷ ಜನವರಿ 16ರಂದು ವೈದ್ಯರು, ದಾದಿಯರಿಂದ ಆರಂಭವಾದ ಕಾರ್ಯವು ಮೇ 1ರಿಂದ 18 ವರ್ಷ ತುಂಬಿದವರೆಲ್ಲರಿಗೂ ತೆರೆಯಿತು. ಬಾಗಿಲೇನೋ ತೆರೆಯಿತು, ಒಳಗೆ ಬಡಿಸಲು ಪದಾರ್ಥವಿರಲಿಲ್ಲ. ಏಪ್ರಿಲ್ 30ರಿಂದ ಮೂರು ದಿನ ಮುಂಬಯಿಯ ಕೇಂದ್ರಗಳು ದಾಸ್ತಾನಿಲ್ಲದೆ 45 ದಾಟಿದವರನ್ನೇ ಹಿಂದಕ್ಕೆ ಕಳುಹಿದವು. ಮೇ ನಡುವಿನಲ್ಲಿ ಮಹಾರಾಷ್ಟ್ರ ಸರಕಾರವು ತರುಣರ ಲಸಿಕೆಯನ್ನು ತಡೆದು, ಇದ್ದ ಸೀಸೆಗಳನ್ನು ಎರಡನೆಯ ಡೋಸಿಗೆ ಕಾದಿದ್ದ ಹಿರಿಯರಿಗೆ ತಿರುಗಿಸಿತು. ಕೋವಿಶೀಲ್ಡ್ ತಯಾರಾಗುತ್ತಿದ್ದುದು ಇಲ್ಲೇ ನೆರೆಯ ಪುಣೆಯ ಸೀರಂ ಸಂಸ್ಥೆಯಲ್ಲಿ; ಆದರೆ 130 ಕೋಟಿಗೂ ಮಿಕ್ಕ ಜನರ ದೇಶವು ಜನವರಿಯಲ್ಲಿ ಅಲ್ಲಿಗೆ ಕೊಟ್ಟ ಮೊದಲ ಬೇಡಿಕೆ 1 ಕೋಟಿ 10 ಲಕ್ಷ ಡೋಸು ಮಾತ್ರ. ಎಲೆಗಳ ಲೆಕ್ಕ ಹಾಕದೆ ಅಕ್ಕಿ ನೆನೆಹಾಕುವ ಮಾಲಿಕನನ್ನು ನಾವು ಎಲ್ಲಿಯೂ ಕಂಡಿಲ್ಲ.

ಇನ್ನು ಕೋವಿನ್ ನೋಂದಣಿ. ಪಾತ್ರೆ ತೊಳೆಯುವವನು ಕೈ ಒರಸಿಕೊಂಡು ಮೊಬೈಲು ತೆರೆಯುವಷ್ಟರಲ್ಲಿ ಆ ದಿನದ ಸರದಿ ತುಂಬಿಹೋಗಿರುತ್ತಿತ್ತು. ಅಲ್ಲಿ ಕನ್ನಡ ಕಾಣಿಸಿಕೊಂಡುದು ಜೂನ್ ತಿಂಗಳಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗೋಣವೆಂದರೆ, ಸರಕಾರವು ಅದೇ ಜೂನಿನಲ್ಲಿ ಕೋವಿಶೀಲ್ಡಿಗೆ ಕಟ್ಟಿದ ಗರಿಷ್ಠ ದರವೇ 780 ರೂಪಾಯಿ. ಹೋಟೆಲುಗಳು ಬರಿಯ ಪಾರ್ಸೆಲಿನ ಮೇಲೆ ಉಸಿರು ಹಿಡಿದಿದ್ದ ಕಾಲವದು.

ಅಂಜಿಕೆಯೂ ಇತ್ತು, ನಿಜ. ಆದರೆ ಎಂತಹ ಅಂಜಿಕೆ? ಸೂಜಿಯ ಮರುದಿನ ಜ್ವರ ಬಂದರೆ, ಹತ್ತು ಮಂದಿ ಮಲಗುವ ಕೋಣೆಯಲ್ಲಿ ಗಂಜಿ ಕಾಯಿಸಿ ಕೊಡುವವರು ಯಾರು, ಆ ದಿನದ ಸಂಬಳ ಕೊಡುವವರು ಯಾರು ಎಂಬ ಅಂಜಿಕೆ. ಇಲ್ಲಿ ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ನಮ್ಮ ಅಡಿಗೆಯಾತ ರಜೆ ಕೇಳಿದಾಗ, “ಈ ವಾರ ಕಳೆಯಲಿ” ಎಂದವರು ನಾವೇ. ಮುಂದಿನ ವಾರ ಕೇಂದ್ರದಲ್ಲಿ ಲಸಿಕೆ ಇರಲಿಲ್ಲ.

ಜೂನ್ 21ರಿಂದ ಕೇಂದ್ರ ಸರಕಾರವು ತರುಣರಿಗೂ ಉಚಿತವಾಗಿ ಒದಗಿಸತೊಡಗಿದ ಮೇಲೆ, ಇದೇ ಹುಡುಗರು ನಸುಕಿನಲ್ಲಿಯೇ ಸಾಲು ನಿಂತರು. ಆದರೂ ತಡವಾದುದರ ದಂಡ ತಪ್ಪಲಿಲ್ಲ. ಆಗಸ್ಟ್ 15ರಿಂದ ಲೋಕಲ್ ರೈಲು ತೆರೆದುದು ಎರಡನೆಯ ಡೋಸಿನ ಬಳಿಕ 14 ದಿನ ಕಳೆದವರಿಗೆ. ಕೋವಿಶೀಲ್ಡಿನ ಎರಡು ಡೋಸುಗಳ ಅಂತರವೋ 12ರಿಂದ 16 ವಾರ. ಜುಲೈಯಲ್ಲಿ ಮೊದಲ ಡೋಸು ದೊರೆತವನು ಅಕ್ಟೋಬರದ ತನಕ ರೈಲು ಹತ್ತುವಂತಿರಲಿಲ್ಲ.

ಇನ್ನೊಮ್ಮೆ ಇಂತಹ ಪ್ರಸಂಗ ಒದಗಿದರೆ, ಸೂಜಿಯ ದಿನಕ್ಕೂ ಜ್ವರದ ದಿನಕ್ಕೂ ಪೂರ್ಣ ಸಂಬಳವೆಂದು ಮಾಲಿಕರು ಗಲ್ಲೆಯ ಪಕ್ಕದಲ್ಲಿಯೇ ಬರೆದು ತೂಗುಹಾಕಲಿ.