ಬರಿಗಾಲು, ಬೂಟು ಮತ್ತು ಒದ್ದೆ ನೆಲ

ಸಾವನದುರ್ಗದ ಬಂಡೆ ಹತ್ತಿದ ಮಕ್ಕಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬಂಡೆ ಒಣಗಿದ್ದರೆ ಬರಿಗಾಲು ಗಟ್ಟಿಯಾಗಿ ಹಿಡಿಯುತ್ತದೆ. ಮಳೆ ಬಿದ್ದರೆ ಅದೇ ಕಾಲು, ಅದೇ ಬಂಡೆ. ಆದರೆ ಹೆಜ್ಜೆ ಜಾರುತ್ತದೆ. ಪಾದಕ್ಕೂ ಕಲ್ಲಿಗೂ ನಡುವೆ ಸೇರಿದ ತೆಳುವಾದ ನೀರಿನ ಪೊರೆ ಘರ್ಷಣೆಯನ್ನು ಕಡಿಮೆ ಮಾಡಿಬಿಡುತ್ತದೆ. ಬೆಂಗಳೂರಿನ ಫುಟ್‌ಬಾಲ್‌ನ ಹಳೆಯ ದಿನಗಳನ್ನು ಅರ್ಥ ಮಾಡಿಕೊಳ್ಳಲು ಈ ಚಿಕ್ಕ ಪಾಠ ಸಾಕು.

ಬೊಂಬಾಯಿಯ ರೋವರ್ಸ್ ಕಪ್ ಆರಂಭವಾದದ್ದು 1891ರಲ್ಲಿ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಗೆದ್ದವು ಬ್ರಿಟಿಷ್ ಸೈನ್ಯದ ತಂಡಗಳೇ. 1937ರಲ್ಲಿ ಆ ಸಾಲು ಮುರಿಯಿತು. ಬೆಂಗಳೂರು ಮುಸ್ಲಿಮ್ಸ್ ತಂಡ ಫೈನಲ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0 ಗೋಲಿನಿಂದ ಸೋಲಿಸಿತು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು.

ಆಗಿನ ಭಾರತೀಯ ಆಟಗಾರರಲ್ಲಿ ಬಹುಪಾಲು ಮಂದಿ ಬರಿಗಾಲಿನವರು. ಒಣ ನೆಲದಲ್ಲಿ ಇದರಿಂದ ಲಾಭವೂ ಇತ್ತು. ಕಾಲು ಹಗುರ, ಚೆಂಡಿನ ಸ್ಪರ್ಶ ನೇರವಾಗಿ ಚರ್ಮಕ್ಕೇ ತಿಳಿಯುತ್ತಿತ್ತು. ಆದರೆ ಮಳೆಗಾಲದ ಮೈದಾನವೇ ಬೇರೆ. ಕೆಸರಿನಲ್ಲಿ ಅಂಗಾಲು ಜಾರುತ್ತದೆ. ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತದೆ. ಬೂಟಿನ ಅಡಿಯಲ್ಲಿರುವ ಗುಬ್ಬಿಗಳು ಮೆತ್ತನೆಯ ಮಣ್ಣಿನೊಳಗೆ ಇಳಿಯುತ್ತವೆ. ಆಗ ಕಾಲನ್ನು ಹಿಡಿದು ನಿಲ್ಲಿಸುವುದು ಆ ಮಣ್ಣೇ. ಮೊಹಮ್ಮಡನ್ ತಂಡ ಇದನ್ನು ಮೊದಲೇ ಅರಿತು, ಮಳೆಯ ದಿನಗಳಲ್ಲಿ ಬೂಟು ತೊಟ್ಟಿತು. ಕಲ್ಕತ್ತೆ ಲೀಗನ್ನು 1934ರಿಂದ ಸತತ ಐದು ಬಾರಿ ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿಯೂ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಫ್ರಾನ್ಸ್ ವಿರುದ್ಧ ಗೋಲು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಪಂದ್ಯ 1-2ರಲ್ಲಿ ಕೈತಪ್ಪಿತು. ಇಷ್ಟು ಸಮೀಪ ಬಂದದ್ದರಿಂದ ಬರಿಗಾಲಿನ ಆಟವೇ ಸಾಕೆಂಬ ನಂಬಿಕೆ ಉಳಿಯಿತು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಆ ನಂಬಿಕೆ ಕುಸಿಯಿತು. ಯುಗೊಸ್ಲಾವಿಯ 10-1ರಿಂದ ಗೆದ್ದಿತು. ಭಾರತದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಎದುರಾಳಿಗಳು ಬಲಿಷ್ಠರೇ, ಆ ಕೂಟದಲ್ಲಿ ಬೆಳ್ಳಿ ಪದಕ ಪಡೆದವರು. ಸೋಲಿಗೆ ಬೂಟೊಂದೇ ಕಾರಣವೆಂದರೆ ತಪ್ಪಾದೀತು. ಆದರೂ ಪಾಠ ಸ್ಪಷ್ಟವಾಗಿತ್ತು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಕನ್ನಡನಾಡಿನ ಕೆಂಪಯ್ಯ ಆ ತಂಡದಲ್ಲಿದ್ದರು.

ಬರಿಗಾಲಿನಲ್ಲಿ ಕಲಿತ ಕೌಶಲ ಬೂಟು ತೊಟ್ಟಾಗ ಕರಗಿಹೋಗಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಳ್ಳಿಯ ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗ ಪಟ್ಟಣದ ಕಾಲೇಜಿನಲ್ಲಿ ಮೊದಲ ವರ್ಷ ಎಡವಿದರೆ, ಅವನಲ್ಲಿ ಬುದ್ಧಿ ಇಲ್ಲವೆಂದು ತಂದೆತಾಯಿ ತೀರ್ಮಾನಿಸಬಾರದು. ಕಾಲಡಿಯ ನೆಲ ಬದಲಾಗಿರುತ್ತದೆ. ಭಾಷೆಯ ನೆರವೋ, ಒಂದು ಪುಸ್ತಕವೋ, ಒಂದಿಷ್ಟು ಸಮಯವೋ, ಆ ನೆಲಕ್ಕೆ ತಕ್ಕ ಬೂಟನ್ನು ಅವನಿಗೆ ಒದಗಿಸಿಕೊಡಬೇಕು. ಅವನ ಕಾಲಿನಲ್ಲಿ ಆಟ ಆಗಲೇ ಇದೆ.