ಸರೋವರಗಳ ನಾಡಿನಲ್ಲಿ ಒಂದು ದಿನ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ‘ಲೇಕ್ ಡಿಸ್ಟ್ರಿಕ್ಟ್’ ಎಂಬ ರಮಣೀಯ ಪ್ರದೇಶವಿದೆ. ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೀರು ನಿಂತು ಇಲ್ಲಿಯ ಸರೋವರಗಳಾದವು. ಅವುಗಳಲ್ಲೆಲ್ಲ ದೊಡ್ಡದಾದ ವಿಂಡರ್‌ಮಿಯರ್ ಸುಮಾರು 17 ಕಿಲೋಮೀಟರ್ ಉದ್ದವಿದೆ. ಬೆಳಗ್ಗೆ ಸಣ್ಣ ಬಸ್ಸಿನಲ್ಲಿ ಹೊರಟು, ಮಾರ್ಗದರ್ಶಿಯೊಡನೆ ಬೆಟ್ಟ ಕಣಿವೆಗಳನ್ನು ಸುತ್ತಿ, ಸಂಜೆಗೆ ಹಿಂದಿರುಗುವ ಪ್ರವಾಸಿಗರು ಇಲ್ಲಿ ಅನೇಕರು.

ಇಂತಹ ಅವಸರದ ಪ್ರವಾಸದಿಂದ ಏನು ಪ್ರಯೋಜನವೆಂದು ಕೆಲವರು ಕೇಳುವುದುಂಟು. ಈ ಆಕ್ಷೇಪ ಹೊಸದಲ್ಲ. 1844ರಲ್ಲಿ ಈ ನಾಡಿಗೆ ರೈಲು ಮಾರ್ಗವನ್ನು ತರುವ ಯೋಜನೆ ಸಿದ್ಧವಾದಾಗ, ಇಲ್ಲಿಯೇ ವಾಸವಾಗಿದ್ದ ಕವಿ ವಿಲಿಯಂ ವರ್ಡ್ಸ್‌ವರ್ತ್ ಅದನ್ನು ಬಲವಾಗಿ ವಿರೋಧಿಸಿದರು. ಜನಸಂದಣಿಯಿಂದ ಶಾಂತಿ ಕೆಡುವುದು, ನಿಸರ್ಗವನ್ನು ಸವಿಯುವ ಅಭಿರುಚಿ ಒಂದು ದಿನದಲ್ಲಿ ಬರತಕ್ಕದ್ದಲ್ಲ ಎಂಬುದು ಅವರ ವಾದ. ಆದರೆ ಈ ನಾಡನ್ನು ನೋಡಬಯಸುವವರಿಗಾಗಿ ಮಾರ್ಗದರ್ಶಿ ಗ್ರಂಥವನ್ನು ಬರೆದವರೂ ಅವರೇ! 1847ರಲ್ಲಿ ರೈಲು ಬಂದೇ ಬಂದಿತು.

ಅಭಿರುಚಿಯನ್ನು ಬೆಳೆಸಿಕೊಳ್ಳಬೇಕೆಂಬ ಮಾತು ನಿಜ. ಆದರೆ ನೋಡುವ ಅವಕಾಶವೇ ಇಲ್ಲದವನಲ್ಲಿ ಅದು ಬೆಳೆಯುವುದೆಂತು? ವಾರವೆಲ್ಲ ದುಡಿಯುವವನಿಗೆ ಬಿಡುವು ದೊರೆಯುವುದು ಒಂದೇ ದಿನ. ಆ ದಿನವನ್ನು ಸಾರ್ಥಕಗೊಳಿಸುವುದು ಮಾರ್ಗದರ್ಶಿಯ ಹೊಣೆ.

ಉತ್ತಮ ಮಾರ್ಗದರ್ಶಿ ಸರೋವರಗಳ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಬೆಟ್ಟದ ನೆತ್ತಿಯವರೆಗೆ ಏರಿರುವುದನ್ನು ತೋರಿಸಿ, ಅವುಗಳ ಹಿಂದಿರುವ ರೈತರ ಬೆವರನ್ನು ನೆನಪಿಗೆ ತರುತ್ತಾರೆ. ಮರಗಳಿಲ್ಲದ ಆ ಹಸಿರು ಇಳಿಜಾರುಗಳು ಶತಮಾನಗಳ ಕುರಿಸಾಕಣೆಯ ಫಲವೆಂದು ತಿಳಿಸುತ್ತಾರೆ. ನಿಸರ್ಗ ಮತ್ತು ಮಾನವಶ್ರಮಗಳ ಈ ಹೊಂದಾಣಿಕೆಯನ್ನು ಗುರುತಿಸಿಯೇ 2017ರಲ್ಲಿ ಯುನೆಸ್ಕೊ ಈ ನಾಡನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ನೋಡುವ ಹಕ್ಕಿನೊಡನೆ ಕಾಯುವ ಕರ್ತವ್ಯವೂ ಬರುತ್ತದೆ. ಅಸಂಖ್ಯ ಪಾದಗಳ ತುಳಿತದಿಂದ ಇಲ್ಲಿಯ ಬೆಟ್ಟದ ದಾರಿಗಳು ಸವೆದು ಕೊರಕಲಾಗುತ್ತವೆ. ಸ್ವಯಂಸೇವಕರು ಕಲ್ಲು ಹಾಸಿ ಅವುಗಳನ್ನು ಸರಿಪಡಿಸುತ್ತಾರೆ. ಇದನ್ನು ಅರಿತ ಪ್ರವಾಸಿ ದಾರಿ ಬಿಟ್ಟು ನಡೆಯಲಾರನು, ಕಸ ಎಸೆಯಲಾರನು. ಹಲವರು ಒಂದೇ ಬಸ್ಸಿನಲ್ಲಿ ಬಂದರೆ ಕಿರಿದಾದ ರಸ್ತೆಗಳಲ್ಲಿ ಕಾರುಗಳ ಸಾಲೂ ಕಡಿಮೆಯಾಗುತ್ತದೆ.

ಪ್ರವಾಸದ ಬೆಲೆ ಕಳೆದ ದಿನಗಳ ಎಣಿಕೆಯಲ್ಲಿಲ್ಲ. ಹತ್ತು ಸರೋವರಗಳನ್ನು ಓಡುತ್ತ ನೋಡುವುದಕ್ಕಿಂತ ಒಂದರ ದಡದಲ್ಲಿ ಮೌನವಾಗಿ ನಿಲ್ಲುವುದು ಮೇಲು. ಅರಿತು ನೋಡುವ ಕಣ್ಣಿಗೆ ಒಂದು ದಿನವೂ ಸಾಕು. ಅರಿಯದ ಕಣ್ಣಿಗೆ ವರ್ಷವೂ ಸಾಲದು.